ಕಟ್ಟೆಯ ಮೇಲಿನ ಕೋರಂ

ಬೆಟಗೇರಿಯ ಬಾಡಿಗೆ ಕೋಣೆಯಲ್ಲಿ ಅದು ನನ್ನ ಮೊದಲ ಬೆಳಗು. ಬಾಗಿಲು ಮುರಿಯುವಂತೆ ಬಡಿದ ಸದ್ದಿಗೆ ಎದ್ದು ತೆಗೆದರೆ, ಮನೆಯೊಡತಿ ಮಾಬೂಬಿ ನನ್ನ ಕೈಗೆ ಖಾಲಿ ಕೊಡ ತುರುಕಿ, "ನೀರು ಬಂದಾವು, ಜಲ್ದಿ ಬಾ" ಎನ್ನುತ್ತಾ ಓಡಿದರು. ಓಣಿಗೆ ಓಣಿಯೇ ಓಡುತ್ತಿತ್ತು. ಎಲ್ಲೋ ಬೆಂಕಿ ಬಿದ್ದಿದೆ ಎಂದುಕೊಂಡೆ. ನಮ್ಮ ಕೊಳ್ಳೇಗಾಲದ ಮನೆಯಲ್ಲಿ ನೀರು ಬಂದದ್ದನ್ನು ಯಾರೂ ಸಾರುವುದಿಲ್ಲ. ಇಲ್ಲಿ ನೀರು ಬೀಗರ ಹಾಗೆ, ಅಪರೂಪಕ್ಕೆ ಬರುತ್ತವೆ, ಬಂದರೆ ಬಹುವಚನದಲ್ಲೇ ಬರುತ್ತವೆ. ಅಂದು ನಾನು ತುಂಬಿದ್ದಕ್ಕಿಂತ ಮೈಮೇಲೆ ಸುರಿದುಕೊಂಡದ್ದೇ ಹೆಚ್ಚು.

ಎಂ.ಕಾಂ. ಸೀಟು ಸಿಕ್ಕಿದ್ದು ಪಕ್ಕದ ಗದಗದಲ್ಲಿ, ಅದಕ್ಕೇ ಬಂದೆ. ಮುದ್ದೆ ನುಂಗಿ ಬೆಳೆದವಳು ಖಡಕ್ ರೊಟ್ಟಿ ಕಡಿಯಲು ಹೋಗಿ ಒಸಡು ಕುಯ್ದುಕೊಂಡೆ. ಅದನ್ನು ಪಲ್ಯದ ರಸದಲ್ಲಿ ನೆನೆಸಿ ತಿನ್ನಲು ಕಲಿಸಿದವರು ಖಾಲಾ. ಖಾಲಾ ಎಂದರೆ ಚಿಕ್ಕಮ್ಮ. ಮಾಬೂಬಿಯವರನ್ನು ಈಗ ಹಾಗೇ ಕರೆಯುತ್ತೇನೆ. ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿಯ ಬಸ್ಸುಗಳಿಂದ ಇಳಿದು ಬರುವ ಸಹಪಾಠಿಗಳು ನನ್ನ ಬಾಯಲ್ಲಿ 'ಕಣೇ' ಕೇಳಿದರೆ ಸಾಕು, ಬೆಂಚು ಬಡಿದು ನಗುತ್ತಿದ್ದರು. ನಗಲಿ ಎಂದು ಬೇಕೆಂದೇ ಇನ್ನೆರಡು ಸಲ ಅನ್ನುತ್ತಿದ್ದೆ.

ರೊಟ್ಟಿ ಒಗ್ಗಿತು, ಕಂಪನಿ ಕಾನೂನು ಒಗ್ಗಲಿಲ್ಲ. ಕಾನೂನಿನ ಕಣ್ಣಿಗೆ ಕಂಪನಿಯೇ ಒಬ್ಬ ವ್ಯಕ್ತಿ, ಷೇರುದಾರರು ಬೇರೆ, ಅದರ ಆಸ್ತಿ ಅದರದೇ ಎನ್ನುವುದು ಮೊದಲ ಪಾಠ. ನಮ್ಮ ಬಟ್ಟೆ ಅಂಗಡಿಯಲ್ಲಿ ಅಂಗಡಿಯೆಂದರೆ ಅಪ್ಪ, ಅಪ್ಪನೆಂದರೆ ಅಂಗಡಿ. ಕಂಪನಿಯ ಯಂತ್ರ ಯಾರದು ಎಂಬ ಪ್ರಶ್ನೆಗೆ ಷೇರುದಾರರದು ಎಂದು ಧೈರ್ಯವಾಗಿ ಬರೆದೆ. ಉಳಿದ ಉತ್ತರಗಳೂ ಅದೇ ಜಾತಿಯವು. ಫೇಲಾದೆ. ಅಪ್ಪ ಫೋನಿನಲ್ಲಿ ಬೈಯಲಿಲ್ಲ; ಬೈದಿದ್ದರೇ ಚೆನ್ನಾಗಿತ್ತು. "ಆಗ್ದಿದ್ರೆ ಬಂದ್ಬುಡವ್ವ. ಇಲ್ಲೊಂದು ಗಂಡು ಬೇರೆ ಬಂದದೆ" ಎಂದರು. ಹೋದರೆ ಮತ್ತೆ ಕಳಿಸುವುದಿಲ್ಲ ಎಂದು ನನಗೆ ಗೊತ್ತಿತ್ತು. ಎರಡನೇ ವರ್ಷ ಮುಗಿಸದೆ ಈ ಊರು ಬಿಡುವುದಿಲ್ಲ ಎಂದು ಅವತ್ತೇ ಹಟ ಹಿಡಿದೆ.

ಯಾವುದಾದರೂ ಕಂಪನಿಯ ವಾರ್ಷಿಕ ಸಭೆ ನೋಡಿ ವರದಿ ಬರೆಯಿರಿ ಎಂದು ಮೇಷ್ಟ್ರು ಹೇಳಿದ್ದರು. ಖಾಲಾ ತಮ್ಮ ತವರು ಸೊರಟೂರಿಗೆ ಕರೆದುಕೊಂಡು ಹೋದರು. ಅಲ್ಲಿನ ರೈತರ ಕಂಪನಿಯಲ್ಲಿ ಅವರದೂ ಷೇರಿದೆ. ಕಂಪನಿಗೊಂದು ಖಾರ ಕುಟ್ಟುವ ಮಿಷನ್ ಇದೆ. ಅದನ್ನು ನಡೆಸುವವರೆಲ್ಲ ಊರಿನ ಹೆಂಗಸರು, ಅವರೂ ಷೇರುದಾರರೇ. ಮಿಷನ್ನನ್ನು ಹೊರಗಿನ ವ್ಯಾಪಾರಿಗೆ ಲೀಸಿಗೆ ಕೊಡುವ ಠರಾವು ಅಂದಿನ ಸಭೆಗೆ ಬರುವುದಿತ್ತು. ಠರಾವು ಅಂದರೆ ನಾವು ನಿರ್ಣಯ ಅನ್ನುತ್ತೇವಲ್ಲ, ಅದು. ಪಾಸಾದರೆ ಅವರಿಗೆಲ್ಲ ಕೆಲಸ ಹೋಗುತ್ತಿತ್ತು.

ಗಂಡಸರು ಸಭಾಂಗಣದ ಕುರ್ಚಿಗಳಲ್ಲಿ ಕೂತರು. ಹೆಂಗಸರು ಹೊರಗೆ, ಕಿಟಕಿಯ ಕೆಳಗಿನ ಕಟ್ಟೆಯ ಮೇಲೆ. ಮಾವ, ಭಾವಂದಿರ ಎದುರು ಕುರ್ಚಿ ಹಾಕಿಕೊಂಡು ಕೂರುವುದು ಹೇಗೆ? ನಮ್ಮ ಕಡೆಯೇನೂ ಬೇರೆಯಲ್ಲ, ಅಲ್ಲಿ ಅಡುಗೆಮನೆಯ ಬಾಗಿಲು, ಇಲ್ಲಿ ಕಟ್ಟೆ. ನಾನೂ ಅವರ ನಡುವೆ ಕೂತೆ.

ಸಭೆ ನಡೆಯಬೇಕಾದರೆ ಸದಸ್ಯರಲ್ಲಿ ಕಾಲು ಭಾಗವಾದರೂ ಹಾಜರಿರಬೇಕು, ಅದೇ ಕೋರಂ. ಒಳಗೆ ಅಷ್ಟು ಜನ ಇರಲಿಲ್ಲ. ಅಧ್ಯಕ್ಷರು ಕಿಟಕಿಯಿಂದ ಇಣುಕಿ, "ಹೊರಗ ಕುಂತಾರಲ್ಲ, ಅವರನ್ನೂ ಲೆಕ್ಕಕ್ಕ ಹಿಡೀರಿ" ಎಂದರು. ಕಾರ್ಯದರ್ಶಿ ಹೊರಗೆ ಬಂದು ತಲೆ ಎಣಿಸುತ್ತಾ ನನ್ನದನ್ನೂ ಎಣಿಸಿದರು. ಖಾಲಾ ನನ್ನ ತಲೆಯ ಮೇಲೆ ಕೈಯಿಟ್ಟು, "ಈಕಿ ನಮ್ಮಾಕಿನ, ಆದ್ರ ಮೆಂಬರ್ ಅಲ್ರಿ" ಎಂದರು. ನನ್ನನ್ನು ಬಿಟ್ಟರೂ ಲೆಕ್ಕ ಸರಿಹೋಯಿತು.

ಒಳಗೆ ಠರಾವು ಓದಿದರು. ಒಳಗಿನವರೇ ಕೈ ಎತ್ತಿದರು, ಪಾಸಾತು ಎಂದರು. ಕಟ್ಟೆಯ ಕಡೆ ಯಾರೂ ತಿರುಗಿಯೂ ನೋಡಲಿಲ್ಲ. ನನಗೆ ಮೈಯೆಲ್ಲ ಉರಿದುಹೋಯಿತು. ಸಭೆಯಲ್ಲಿ ಮಾತಾಡುವ ಹಕ್ಕು ನನಗಿಲ್ಲ, ನಿಜ. ಆದರೆ ಖಾಲಾರ ಕಿವಿಯಲ್ಲಿ ಮಾತಾಡಬಾರದೆಂದು ಯಾವ ಕಾಯ್ದೆಯಲ್ಲೂ ಓದಿರಲಿಲ್ಲ. ಹಾಜರಿಗೆ ಹಿಡಿದವರಿಗೆ ಮತವೂ ಇದೆ, ಒಬ್ಬೊಬ್ಬರಿಗೂ ಒಂದೊಂದು ಎಂದು ಪಿಸುಗುಟ್ಟಿದೆ. ಉಳಿದವರೆಲ್ಲ ಊರ ಸೊಸೆಯಂದಿರು, ಬಾಯಿ ಬಿಡುವಂತಿರಲಿಲ್ಲ. ಖಾಲಾ ಊರ ಮಗಳು. ಸೆರಗು ಬಿಗಿದು ಕಿಟಕಿಗೆ ಹೋಗಿ ನಿಂತರು.

"ಎಣಸೂಮುಂದ ಇದ್ವಿ, ಕೈ ಎತ್ತೂಮುಂದ ಇಲ್ಲೇನ್ರಿ ಕಾಕಾ?"

ಅಧ್ಯಕ್ಷರು ಸಮಾಧಾನದಿಂದಲೇ ಹೇಳಿದರು, ಮಿಷನ್ ಕಂಪನಿಯದು, ನಿಮ್ಮ ಯಾರದೂ ಅಲ್ಲ ಎಂದು. ನಾನು ಫೇಲಾದ ಪ್ರಶ್ನೆಗೆ ಸರಿಯುತ್ತರ! ಖಾಲಾ ಮಾತ್ರ ಕದಲಲಿಲ್ಲ.

"ಖರೆ ಐತ್ರಿ. ಕಂಪನಿಗೆ ಕೈ ಇಲ್ಲಲ್ರಿ, ಅದಕ್ಕ ನಾವು ಎತ್ತತೀವಿ."

ಒಳಗೆ ಮುದುಕರೊಬ್ಬರು ನಕ್ಕು ಕುರ್ಚಿಯನ್ನು ಕಿಟಕಿಯ ಕಡೆ ತಿರುಗಿಸಿಕೊಂಡರು. ಅಧ್ಯಕ್ಷರು ಠರಾವನ್ನು ಮತ್ತೆ ಓದಿಸಿದರು. ಬೇಡ ಎನ್ನುವವರು ಎಂದಾಗ ಕಟ್ಟೆಯ ಕೈಗಳೆಲ್ಲ ಮೇಲೆದ್ದವು, ಉಗುರಿನ ಸಂದಿಯಲ್ಲಿ ಇನ್ನೂ ಕೆಂಪು ಖಾರವಿತ್ತು. ಘಾಟಿಗೆ ಸೀನುತ್ತಲೇ ಕಾರ್ಯದರ್ಶಿ ಎಣಿಸಿ ಮುಗಿಸಿದರು. ಠರಾವು ಬಿತ್ತು.

ಆ ವರದಿಯನ್ನು ತರಗತಿಯಲ್ಲಿ ಓದಿದಾಗ ನಡುವೆ ಜಾರಿದ ನನ್ನ 'ಕಣೇ'ಗೆ ಯಾರೂ ನಗಲಿಲ್ಲ. ಮರುಪರೀಕ್ಷೆಯಲ್ಲಿ ಪಾಸಾದೆ. ಅದನ್ನು ಹೇಳೋಣವೆಂದು ಫೋನ್ ಮಾಡಿದರೆ ಅಪ್ಪನೇ ಮೊದಲು ಶುರುಮಾಡಿದರು. ಗಂಡಿನ ಕಡೆಯವರು ಭಾನುವಾರ ಬರುತ್ತಾರಂತೆ, ದೊಡ್ಡವರೇ ಕೂತು ಮಾತು ಮುಗಿಸುತ್ತಾರಂತೆ, ನಾನು ಅಷ್ಟು ದೂರದಿಂದ ಸುಮ್ಮನೆ ಯಾಕೆ ಬರಬೇಕು ಎಂದರು.

"ಅಪ್ಪ, ನಾನು ಬರೋಗಂಟ ಯಾರೂ ಹೂಂ ಅನ್ಬ್ಯಾಡಿ" ಎಂದೆ. "ನಾನೂ ನಡುಮನೇಲಿ ಕೂತ್ಕತೀನಿ. ಎರಡ್ನೇ ವರ್ಷ ಮುಗೀದೆ ಮದ್ವೆ ಇಲ್ಲ."

ಅಪ್ಪ ಗಲ್ಲಾಪೆಟ್ಟಿಗೆ ಮುಚ್ಚಿದ ಸದ್ದು ಕೇಳಿಸಿತು. ಆಮೇಲೆ, "ಆಯ್ತು ಬಾ, ನಿಂಗೂ ಒಂದು ಕುರ್ಚಿ ಹಾಕುಸ್ತೀನಿ" ಎಂದರು. "ನೀನು ಅಲ್ಲಿಯವಳೇ ಆಗ್ಬುಟ್ಟೆ ಕಣವ್ವ."

ಇಲ್ಲಿ ನಾನಿನ್ನೂ ಮೆಂಬರ್ ಅಲ್ಲ ಎಂದು ಅವರಿಗೆ ಹೇಳಲು ಬಾಯಿ ಬರಲಿಲ್ಲ.