ಬಡಿಯದೆ ನಿಂತ ಕೋಲು

ಗಂಗಾವತಿಯಿಂದ ತಂದ ಅಕ್ಕಿಯನ್ನು ಇವತ್ತು ಬೆಳಿಗ್ಗೆ ಡಬ್ಬಿಗೆ ಸುರಿಯುತ್ತಿದ್ದೆ. ಕಾಗದ ಸುತ್ತಿ ಮಾಡಿದ ಕೊಳವೆಯ ಬಾಯಲ್ಲಿ ಅಕ್ಕಿ ಗಪ್ಪನೆ ನಿಂತುಬಿಟ್ಟಿತು. ನನಗೆ ಗೊತ್ತಿಲ್ಲದೆಯೇ ಬೆರಳು ಹೋಗಿ ಎಡಗಡೆ, ಕೆಳಗೆ, ಎರಡು ಸಲ ತಟ್ಟಿತು. ಅಕ್ಕಿ ಹರಿಯಿತು. ಹಾಗೆ ತಟ್ಟುವುದನ್ನು ಕಲಿಸಿದವರು ಚಾಚಾ...

ಕಾಳುಗಳು ಒಂದಕ್ಕೊಂದು ಆತುಕೊಂಡು, ಕಮಾನು ಕಟ್ಟಿ, ಹರಿವು ನಿಲ್ಲಿಸುವುದೇ ನನ್ನ ಪಿಎಚ್‌.ಡಿ. ವಿಷಯವಾಗಿತ್ತು. ಅಡ್ಡಾದಿಡ್ಡಿ ಬಿದ್ದ ಕಾಳುಗಳ ನಡುವೆ ಕಮಾನು ಯಾವಾಗ ಕಟ್ಟುತ್ತದೆಂದು ಸದ್ದಿನಿಂದಲೇ ಹೇಳಲು ಕಂಪ್ಯೂಟರಿಗೆ ಕಲಿಸಬೇಕಿತ್ತು. ಗಂಗಾವತಿಯ ಒಂದು ರೈಸ್ ಮಿಲ್ಲಿನಲ್ಲಿ, ಭತ್ತ ಸುರಿಯುವ ದೊಡ್ಡ ಆಲಿಕೆಯ, ಅಂದರೆ ಹಾಪರಿನ, ತಗಡಿಗೆ ಮೈಕು ಅಂಟಿಸಿ ಕೂತೆ. ಕಂಪ್ಯೂಟರಿಗೆ ಕಲಿಸಬೇಕಿದ್ದ ಕೆಲಸವನ್ನು ಅಲ್ಲಿನ ಹಳೆಯ ಕೆಲಸಗಾರ, ಎಲ್ಲರೂ ಚಾಚಾ ಎಂದು ಕರೆಯುತ್ತಿದ್ದ ಮುದುಕರು, ಆಗಲೇ ಮಾಡುತ್ತಿದ್ದರು. ತಗಡಿಗೆ ಅಂಗೈ ಇಟ್ಟು, ಸದ್ದಿಗೆ ಕಿವಿಗೊಟ್ಟು, ಬೇವಿನ ಕೋಲಿನಿಂದ ಎರಡು ಏಟು. ಅವರ ಪಾಳಿಯಲ್ಲಿ ಭತ್ತ ನಿಂತದ್ದೇ ಇಲ್ಲ.

ಅದೇ ನನಗೆ ತಲೆನೋವಾಯಿತು. ಭತ್ತ ನಿಲ್ಲದಿದ್ದರೆ, ನಿಲ್ಲುವ ಸದ್ದನ್ನು ಕಂಪ್ಯೂಟರ್ ಕಲಿಯುವುದು ಹೇಗೆ? ಮಿಲ್ಲಿನ ಸಾಹುಕಾರರಿಗೆ ತಿಳಿಸದೆ, ಹದಿನೈದು ದಿನ ಬಡಿಯಬೇಡಿ ಎಂದು ಚಾಚಾನನ್ನು ಬೇಡಿಕೊಂಡೆ. "ನಿನ್ನ ಪರೀಕ್ಷಾ ಪಾಸ್ ಆಗ್ಲಿ ಬೇಟಿ, ತಡೀತೀನಿ" ಎಂದು ಕೋಲನ್ನು ಬೆನ್ನ ಹಿಂದೆ ಹಿಡಿದು ನಿಂತರು.

ಹಾಪರು ದಿನಾ ಕಟ್ಟಿಕೊಂಡಿತು. ಸಾಹುಕಾರರು ಹಮಾಲರ ಎದುರಿಗೇ ಅಂದರು: "ಮುದುಕ ಆದಿ. ಕೈಯಾಗ ಕಸುವಿಲ್ಲ, ಕಿವಿನೂ ಮಂದ ಆಗ್ಯಾವ." ಚಾಚಾ ನನ್ನ ಕಡೆ ನೋಡಿದರು. ನಾನು ಲ್ಯಾಪ್‌ಟಾಪ್ ನೋಡಿದೆ. ಇನ್ನೂ ನಾಲ್ಕು ದಿನದ ಸದ್ದು ಬೇಕಿತ್ತು. ನಿಜ ಹೇಳಿದ್ದರೆ ನನ್ನನ್ನೇ ಎಬ್ಬಿಸಿ ಕಳಿಸುತ್ತಿದ್ದರು. ಹೇಡಿತನಕ್ಕೆ ನಾನು ಸಂಶೋಧನೆ ಎಂದು ಹೆಸರಿಟ್ಟಿದ್ದೆ.

ಕಂಪ್ಯೂಟರ್ ಕಲಿಯಿತು. ಅದರ ಮಾತು ಕೇಳಿ ತಗಡು ನಡುಗಿಸುವ ಮೋಟಾರು ಬಂತು. ಚಾಚಾನನ್ನು ಕೆಲಸದಿಂದ ತೆಗೆದರು. ಹೋಗುವ ದಿನ ನನ್ನ ಹತ್ತಿರ ಬಂದು ಕೇಳಿದರು: "ಛಲೋ ಕಲಿತೇನು ಅದು?"

"ಭಾಳ ಛಲೋ ಕಲಿತೈತ್ರಿ ಚಾಚಾ."

ಖುಷಿಪಟ್ಟರು, ದೇವರಾಣೆಗೂ ಖುಷಿಪಟ್ಟರು...

ಅವರು ತೀರಿಕೊಂಡು ಎರಡು ವರ್ಷವಾಯಿತೆಂದು ಅಕ್ಕಿ ಕೊಟ್ಟ ಅಂಗಡಿಯವರು ಮಾತಿನ ನಡುವೆ ಹೇಳಿದ್ದರು. ಕಿವಿ ಮಂದವೆಂಬ ಮಾತು ಹಬ್ಬಿ, ಬೇರೆ ಯಾವ ಮಿಲ್ಲಿನವರೂ ಕರೆಯಲಿಲ್ಲವಂತೆ.

ಡಬ್ಬಿ ಮುಚ್ಚಿಟ್ಟು, ಹಳೆಯ ಸದ್ದುಗಳನ್ನು ತೆರೆದು ಕೇಳಿದೆ. ಕಂಪ್ಯೂಟರಿಗೆ ಕೊಡುವ ಮುನ್ನ ಮನುಷ್ಯರ ಮಾತನ್ನೆಲ್ಲ ಗದ್ದಲವೆಂದು ಕತ್ತರಿಸಿದ್ದೆ. ಮೂಲದಲ್ಲಿ ಇನ್ನೂ ಇದೆ. ಭತ್ತ ಸರಸರ ಇಳಿಯುತ್ತಿರುತ್ತದೆ. ಚಾಚಾನ ದನಿ: "ಬೇಟಿ, ಕಟ್ಟಾಕ ಹತ್ತೈತಿ. ಈಗರ ಬಡೀಲೇನು?"

"ಬ್ಯಾಡ್ರಿ, ತಡೀರಿ" ಎನ್ನುತ್ತೇನೆ ನಾನು. ಸ್ವಲ್ಪ ಹೊತ್ತಿಗೆ ಭತ್ತ ನಿಲ್ಲುತ್ತದೆ.