ಸಣ್ಣ ಗಾಡಿ, ದೊಡ್ಡ ಗಾಡಿ

ಜೇವರ್ಗಿಯಲ್ಲಿ ನಮ್ಮ ಪಕ್ಕದ ಮನೆಯವರು ಬಾಡಿಗೆ ಕಾರು ಓಡಿಸುತ್ತಿದ್ದರು. ಅವರ ಅಪ್ಪನ ಕಾಲದ ಅಂಬಾಸಿಡರ್ ಇತ್ತು. ತೊಂಬತ್ತರ ಸುಮಾರಿಗೆ ಮಾರುತಿಯೊಂದನ್ನೂ ತಂದರು. ಅಂದಿನಿಂದ ಅವರಿಗೆ ನೆಮ್ಮದಿಯೇ ಇಲ್ಲ. ಒಂದನ್ನು ಹೊರಗೆ ತೆಗೆದು ಓಣಿಯ ತಿರುವಿನವರೆಗೆ ಹೋಗುವರು, "ಅದನ್ನೇ ಒಯ್ಯಬೇಕಿತ್ತು ನೋಡ್ರಿ" ಎನ್ನುತ್ತ ಮರಳಿ ಬರುವರು. ಊಟಕ್ಕೆ ಕೂತಾಗಲೂ ಅವರ ಎಡಗೈ ಸುಮ್ಮನಿರದೆ ತೊಡೆಯ ಪಕ್ಕ ಗೇರು ಬದಲಿಸುತ್ತಿತ್ತು.

ಒಂದು ಮಳೆಗಾಲದ ಬೆಳಿಗ್ಗೆ ಕೊಳಕೂರಿನಿಂದ ಹೆರಿಗೆ ನೋವಿನ ಹೆಣ್ಣುಮಗಳೊಬ್ಬಳನ್ನು ಆಸ್ಪತ್ರೆಗೆ ತರಬೇಕಾಯಿತು. ಬೇಗ ಮುಟ್ಟಬೇಕೆಂದು ಅವರು ಮಾರುತಿ ತೆಗೆದರು. ಜೊತೆಗೆ ನಾನೂ ಹೋದೆ. ಆಕೆಯನ್ನು ಕರೆದುಕೊಂಡು ಬರುವಾಗ ಎರೆಮಣ್ಣಿನ ಕೆಸರಿನಲ್ಲಿ ಗಾಲಿಗಳು ಹೂತವು. ಹೊಲದಲ್ಲಿದ್ದ ಗಂಡಸರು ಓಡಿಬಂದು, ಆಕೆ ಒಳಗಿದ್ದಂತೆಯೇ ಕಾರನ್ನು ಎತ್ತಿ ಗಟ್ಟಿ ನೆಲದ ಮೇಲಿಟ್ಟರು.

ಮಧ್ಯಾಹ್ನದೊಳಗೆ ಹೆಣ್ಣು ಕೂಸು ಹುಟ್ಟಿತು. ಆಕೆಯ ಗಂಡ ಬಂದು ಇವರ ಕೈ ಹಿಡಿದುಕೊಂಡ.

"ದೊಡ್ಡ ಗಾಡಿ ಆಗಿದ್ರ ಎತ್ತಾಕ ಆಗ್ತಿರಲಿಲ್ರಿ. ಇದೇ ನಮ್ಮನ್ನ ಉಳಿಸ್ತು."

ಇವರು ಕೈ ಬಿಡಿಸಿಕೊಂಡು ಆಸ್ಪತ್ರೆಯ ವರಾಂಡದಲ್ಲಿ ಅತ್ತಿಂದಿತ್ತ ನಡೆಯತೊಡಗಿದರು.

"ಖರೆ ಅದರಿ," ಎಂದರು. "ಆದ್ರ ದೊಡ್ಡ ಗಾಡ್ಯಾಗ ಆಕಿ ಕಾಲು ಚಾಚಿ ಮಲಗ್ತಿದ್ಳಲ್ಲ. ದಾರಿ ಪೂರಾ ಮೊಣಕಾಲು ಮಡಚಿಕೊಂಡೇ ಬಂದ್ಳು, ಪಾಪ."