ಅಪ್ಪ ಮುಗಿಸದ ಕಾದಂಬರಿ

ಓದಿದ ಪುಸ್ತಕದ ಕೊನೆಯನ್ನು ಹೊಟ್ಟೆಯಲ್ಲಿಟ್ಟುಕೊಳ್ಳುವುದು ನನ್ನಿಂದ ಆಗದ ಕೆಲಸ. ಹಲಸೂರಿನಲ್ಲಿ ಮೆಟ್ರೋ ಹತ್ತಿ ಕೆ.ಆರ್. ಪುರದಲ್ಲಿ ಇಳಿಯುವಷ್ಟರಲ್ಲಿ ಒಂದು ಕಾದಂಬರಿ ಮುಗಿಯಿತೆಂದರೆ, ಮಧ್ಯಾಹ್ನದ ಊಟದ ಹೊತ್ತಿಗೆ ಕೊಲೆ ಮಾಡಿದವನು ಯಾರೆಂದು ಇಡೀ ಆಫೀಸಿಗೆ ಗೊತ್ತಾಗಿರುತ್ತದೆ. ಪಕ್ಕದ ಮೇಜಿನ ಗೆಳತಿ ನಾನು ಓದಿದ ಪುಸ್ತಕವನ್ನು ಮುಟ್ಟುವುದನ್ನೇ ಬಿಟ್ಟಿದ್ದಾಳೆ. ಕೊನೆ ಹೇಳಬಾರದೆಂಬ ಬುದ್ಧಿ ನಿನಗೆ ಯಾವಾಗ ಬರುತ್ತದೆ ಎಂದು ಬಯ್ಯುತ್ತಾಳೆ.

ನಾನು ಓದುವುದು ಮೆಟ್ರೋದಲ್ಲಿ ಮಾತ್ರ, ಅದೂ ಹೆಚ್ಚಿನ ದಿನ ನಿಂತುಕೊಂಡು. ಹಾಗಾಗಿ ನನ್ನ ಅಭಿಪ್ರಾಯಗಳಿಗೆ ತೂಕ ಕಡಿಮೆ. ಈಚೆಗೆ ಓದಿದ ಪ್ರೇಮಕಥೆಯೊಂದರಲ್ಲಿ ನಾಯಕ ಒಂದು ಇಡೀ ಅಧ್ಯಾಯ ಕಿಟಕಿಯಾಚೆ ನೋಡುತ್ತಾ ಕೂರುತ್ತಾನೆ. ಅಷ್ಟು ಹೊತ್ತೂ ಅವನಿಗೆ ಯಾರೂ ಒಂದು ಲೋಟ ಕಾಫಿ ಕೊಡುವುದಿಲ್ಲ, ಅವನೂ ಎದ್ದು ಮಾಡಿಕೊಳ್ಳುವುದಿಲ್ಲ. ನನಗೆ ಮೈಯೆಲ್ಲ ಉರಿಯಿತು. ಅದರ ನಂತರದ ಪತ್ತೇದಾರಿ ಕಾದಂಬರಿ ಪರವಾಗಿಲ್ಲ, ಆದರೆ ಕೊಲೆಗಾರ ಯಾರೆಂದು ಅರ್ಧದಲ್ಲೇ ನನಗೆ ತಿಳಿದುಹೋಯಿತು. ನನ್ನಂಥವಳಿಗೇ ತಿಳಿಯುವ ಕೊಲೆಗೆ ಪೊಲೀಸರು ಅಷ್ಟು ಒದ್ದಾಡಬಾರದಿತ್ತು.

ಓದಿ ಮುಗಿಸಿದ್ದನ್ನೆಲ್ಲ ಭಾನುವಾರ ಗರುಡಾಚಾರ್‌ಪಾಳ್ಯಕ್ಕೆ, ಅಪ್ಪನ ಮನೆಗೆ ಒಯ್ಯುತ್ತೇನೆ. ಅಪ್ಪ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಸಾಲಾಗಿ ಶೆಡ್ಡುಗಳಿವೆ, ಬಾಡಿಗೆ ಬರುತ್ತದೆ. ಮಂಡಿ ನೋವು ಶುರುವಾದ ಮೇಲೆ ಅವರಿಗೆ ಓದುವ ಹುಚ್ಚು ಹಿಡಿಯಿತು. ಆದರೆ ಎಂಥ ಪುಸ್ತಕವನ್ನಾದರೂ ಅವರು ಓದುವುದು ಜಮೀನಿನ ಪತ್ರ ಓದಿದ ಹಾಗೆ. ಪ್ರೇಮಕಥೆ ಮುಗಿಸಿ ಅವರು ಕೇಳಿದ್ದು ಒಂದೇ: ಕಿಟಕಿಯಿದ್ದ ಆ ಮನೆ ಯಾರ ಹೆಸರಿನಲ್ಲಿತ್ತು? ಬರೆದಿಲ್ಲ ಎಂದೆ. ಅದನ್ನೇ ಬರೆಯದೆ ಹೇಗೆ ಅಚ್ಚು ಹಾಕಿಸಿದರು ಎಂದು ಬೇಜಾರು ಮಾಡಿಕೊಂಡರು. ಪತ್ತೇದಾರಿ ಕಾದಂಬರಿಯಲ್ಲಿ ಬಂಗಲೆಯ ಆಸೆಗೆ ಚಿಕ್ಕಪ್ಪನನ್ನೇ ಕೊಂದವನ ಮೇಲೆ ಮಾತ್ರ ಅವರಿಗೆ ಅಯ್ಯೋ ಪಾಪ ಅನ್ನಿಸಿತ್ತು. ಖಾತೆಯೇ ಸರಿಯಿಲ್ಲದ ಬಂಗಲೆಗೆ ಯಾರಾದರೂ ಕೊಲೆ ಮಾಡುತ್ತಾರೆಯೇ ಎಂಬುದು ಅವರ ವಿಮರ್ಶೆ.

ಮೂರನೆಯದು ಅಣ್ಣ ತಂಗಿಯ ಕಥೆ. ಅಣ್ಣ ತಂಗಿಗೆ ರೇಷ್ಮೆ ಸೀರೆ ಉಡಿಸಿ, ಮಡಿಲು ತುಂಬಿ, ಆಸ್ತಿಯಲ್ಲಿ ಪಾಲು ಬೇಡವೆಂದು ಸಹಿ ಹಾಕಿಸಿಕೊಳ್ಳುತ್ತಾನೆ. ದೇವರಾಣೆಗೂ ನಾನು ಬೇಕೆಂದೇ ಕೊಟ್ಟದ್ದಲ್ಲ, ಆ ದಿನ ಬ್ಯಾಗಿನಲ್ಲಿದ್ದದ್ದು ಅದೊಂದೇ. ಆದರೆ ನಮ್ಮ ಮನೆಯಲ್ಲೂ ಆಗ ಅದೇ ಕೆಲಸ ಆಗುವುದಿತ್ತು. ಶೆಡ್ಡುಗಳೆಲ್ಲ ತಮ್ಮನ ಹೆಸರಿಗೆ, ನನಗೆ ಅರಿಶಿನ ಕುಂಕುಮಕ್ಕೆಂದು ಒಂದು ಸೀರೆ. ನಮ್ಮ ಕಡೆ ಹೆಣ್ಣುಮಕ್ಕಳು ಹಾಗೆಯೇ ಸಹಿ ಹಾಕುತ್ತಾ ಬಂದಿದ್ದಾರೆ. ಸೋದರತ್ತೆಯರು ಹಾಕಿದ್ದರು, ನಾನೂ ಹೂಂ ಅಂದಿದ್ದೆ. ಹೊಟ್ಟೆ ಉರಿದಿರಲಿಲ್ಲ ಅಂದರೆ ಸುಳ್ಳು. ಗೋಡೆಗೆ ಪುಸ್ತಕದ ಹಲಗೆ ಹೊಡೆಸಬೇಕೆಂದರೂ ಓನರನ್ನು ಕೇಳಬೇಕಾದ ಬಾಡಿಗೆ ಮನೆ ನಮ್ಮದು. ಪಾಲು ಸಿಕ್ಕರೆ ನನ್ನದೂ ಅನ್ನುವ ಒಂದು ಗೋಡೆ ಇರುತ್ತಿತ್ತು. ಬಾಯಿಬಿಟ್ಟು ಕೇಳಿದರೆ ತವರಿನ ಬಾಗಿಲೇ ಮುಚ್ಚೀತೆಂದು ಹೆದರಿ ಸುಮ್ಮನಿದ್ದೆ.

ಮುಂದಿನ ಭಾನುವಾರ ಹೋದರೆ ಅಪ್ಪ ಮುದ್ದೆ ಮುಂದಿಟ್ಟುಕೊಂಡು ಕಾದಂಬರಿಯ ಅಣ್ಣನಿಗೆ ಶಾಪ ಹಾಕುತ್ತಿದ್ದರು. ಅವನ ಮನೆ ಹಾಳಾಗ, ಒಡಹುಟ್ಟಿದವಳ ಹೊಟ್ಟೆ ಮೇಲೆ ಹೊಡೆಯುವುದಾ ಎಂದು. ಎದುರಿಗೆ ಕೂತಿದ್ದ ತಮ್ಮ ಸಾರು ಬಡಿಸಿಕೊಂಡ. ನಾನು ತಟ್ಟೆಯಿಂದ ತಲೆ ಎತ್ತಲಿಲ್ಲ. ಅಪ್ಪನ ಬೈಗುಳ ಇದ್ದಕ್ಕಿದ್ದಂತೆ ನಿಂತಿತು. ನನ್ನ ಮುಖ ನೋಡಿದರು, ತಮ್ಮನ ಮುಖ ನೋಡಿದರು, ಆಮೇಲೆ ಮುದ್ದೆ ನುಂಗಿದರು.

ರಿಜಿಸ್ಟ್ರಾರ್ ಆಫೀಸಿಗೆ ಹೋಗುವ ದಿನ ತಮ್ಮ ಬಾಗಿಲಿಗೆ ಕಾರು ತಂದು ನಿಲ್ಲಿಸಿದ. ಸೀರೆಯೂ ಬಂದಿತ್ತು, ಬಣ್ಣ ಚೆನ್ನಾಗಿತ್ತು. ಅಪ್ಪನೂ ಬಂದು ಸಹಿ ಹಾಕಬೇಕಿತ್ತು. ಅವರು ಕನ್ನಡಕ ಹಾಕಿಕೊಂಡು, ಅದೇ ಪುಸ್ತಕ ಹಿಡಿದು ಮಂಚದ ಮೇಲೆ ಕೂತಿದ್ದರು.

"ಇದೊಂದು ಮುಗ್ದೋಗ್ಲಿ ಕಣಪ್ಪ," ಅಂದರು. "ಆ ಹೆಣ್ಮಗಳಿಗೆ ಕೊನೇಗೇನಾಯ್ತು ಅಂತ ತಿಳ್ಕೊಂಡು ಬತ್ತೀನಿ."

ತಮ್ಮ ಕಾರು ವಾಪಸ್ ಒಳಗೆ ನಿಲ್ಲಿಸಿದ. ಅದಾಗಿ ವರ್ಷದ ಮೇಲಾಯಿತು. ಆಮೇಲೆ ಒಯ್ದುಕೊಟ್ಟ ಪುಸ್ತಕಗಳನ್ನೆಲ್ಲ ಅಪ್ಪ ವಾರದೊಳಗೆ ಮುಗಿಸಿ, ತಪ್ಪು ಹುಡುಕಿ ವಾಪಸ್ ಕೊಟ್ಟಿದ್ದಾರೆ. ಅದೊಂದು ಮಾತ್ರ ಕೊನೆಯ ಕೆಲವು ಪುಟಗಳಿಗೆ ಮೊದಲು ಹಳೇ ಕರೆಂಟು ಬಿಲ್ಲು ಸಿಕ್ಕಿಸಿಕೊಂಡು ದಿಂಬಿನ ಪಕ್ಕ ಬಿದ್ದಿದೆ. ತಮ್ಮ ಕೇಳಿದಾಗಲೆಲ್ಲ ಕಣ್ಣು ಮಂಜು, ಅಕ್ಷರ ಸಣ್ಣದು ಅನ್ನುತ್ತಾರೆ. ನನಗೆ ಪಾಲು ಕೊಡುತ್ತೇನೆಂದೂ ಅವರು ಹೇಳಿಲ್ಲ, ಕೊಡುವುದಿಲ್ಲವೆಂದೂ ಹೇಳಿಲ್ಲ.

ಹೋದ ಭಾನುವಾರ ತಮ್ಮ ನನ್ನನ್ನು ಮೆಟ್ರೋ ಸ್ಟೇಷನ್ನಿಗೆ ಬಿಡಲು ಬಂದ. ಅವನು ಹುಟ್ಟಿದಾಗಿನಿಂದ ಒಂದು ಪುಸ್ತಕ ಪೂರ್ತಿ ಓದಿದವನಲ್ಲ. ಗಾಡಿ ನಿಲ್ಲಿಸಿ ದನಿ ತಗ್ಗಿಸಿದ.

"ಅಕ್ಕ, ಅದ್ರ ಕೊನೇಲಿ ಏನಾಗುತ್ತೆ ಅಂತ ಅಪ್ಪಂಗೆ ಹೇಳ್ಬಿಡು. ನಿಂಗೆ ಹೇಗೂ ಬಾಯಿ ನಿಲ್ಲಲ್ಲ."

ನಾಲಿಗೆಯ ತುದಿವರೆಗೆ ಬಂದಿತ್ತು. ನುಂಗಿಕೊಂಡು ಅವನ ಕೆನ್ನೆ ತಟ್ಟಿದೆ.

"ಪುಸ್ತಕದ ಕೊನೆ ಹೇಳ್ಬಾರ್ದು ಕಣೋ," ಅಂದೆ. "ಓದೋರಿಗೆ ಮಜಾ ಇರಲ್ಲ."